ವ್ಯಕ್ತಿ ಪರಿಚಯ: ಕರ್ನಲ್ ಸರ್ ರಾಮನಾಥ ಚೋಪ್ರಾ (1882–1973)

ಅಕ್ಕಿಯಲ್ಲಿ ಕಲ್ಲಿದ್ದರೆ ಕಣ್ಣಿಗೆ ಕಾಣುತ್ತದೆ. ಹಾಲಿಗೆ ನೀರು ಬೆರೆಸಿದ್ದರೆ ಕುಡಿದವರಿಗೆ ತಿಳಿಯುತ್ತದೆ. ಆದರೆ ಔಷಧ ಅಂಗಡಿಯಿಂದ ತಂದ ಮಾತ್ರೆಯಲ್ಲಿ ಹೆಸರಿಸಿದ ಔಷಧವೇ ಇದೆಯೇ, ಹೇಳಿದ ಪ್ರಮಾಣದಲ್ಲಿದೆಯೇ, ಅದರ ಸತ್ವ ಉಳಿದಿದೆಯೇ ಎಂಬುದನ್ನು ಕೊಂಡವರು ಯಾವ ರೀತಿಯಿಂದಲೂ ಪರೀಕ್ಷಿಸಿ ನೋಡಲಾರರು. ಈ ಕಾರಣದಿಂದಲೇ ಔಷಧದ ತಯಾರಿಕೆ, ಮಾರಾಟ ಮತ್ತು ವಿತರಣೆಗೆ ಪ್ರತ್ಯೇಕ ಕಾನೂನುಗಳು ಅಗತ್ಯವಾದವು. ನಮ್ಮ ದೇಶದಲ್ಲಿ ಅಂತಹ ಕಾನೂನುಗಳಿಗೆ ತಳಹದಿ ಹಾಕಿದ ವರದಿಯನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಕರ್ನಲ್ ಸರ್ ರಾಮನಾಥ ಚೋಪ್ರಾ. ಭಾರತೀಯ ಫಾರ್ಮಕಾಲಜಿಯ, ಅಂದರೆ ಔಷಧಗಳು ದೇಹದ ಮೇಲೆ ಬೀರುವ ಪರಿಣಾಮಗಳನ್ನು ಅಭ್ಯಸಿಸುವ ಶಾಸ್ತ್ರದ, ಪಿತಾಮಹರೆಂದು ವಿದ್ವಾಂಸರು ಅವರನ್ನು ಗೌರವಿಸುತ್ತಾರೆ. ಸಾರ್ವಜನಿಕರಿಗೆ ಮಾತ್ರ ಅವರ ಹೆಸರು ಅಷ್ಟಾಗಿ ಪರಿಚಿತವಲ್ಲ.

ಜನನ ಮತ್ತು ವಿದ್ಯಾಭ್ಯಾಸ

ರಾಮನಾಥ ಚೋಪ್ರಾ ಅವರು 1882ರ ಆಗಸ್ಟ್ 17ರಂದು ಪಂಜಾಬಿನ ಗುಜ್ರಾನ್‌ವಾಲಾದಲ್ಲಿ ಜನಿಸಿದರು. ಈ ಊರು ಈಗ ಪಾಕಿಸ್ತಾನದಲ್ಲಿದೆ. ತಂದೆಯವರು ಕಾಶ್ಮೀರ ಸಂಸ್ಥಾನದ ಸೇವೆಯಲ್ಲಿದ್ದುದರಿಂದ ಬಾಲ್ಯದ ವಿದ್ಯಾಭ್ಯಾಸ ಶ್ರೀನಗರದಲ್ಲಿ ನಡೆಯಿತು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ 1903ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡೌನಿಂಗ್ ಕಾಲೇಜನ್ನು ಸೇರಿದರು. ಅಲ್ಲಿ ವಿಜ್ಞಾನ ಪದವಿಯನ್ನೂ, ಅನಂತರ ವೈದ್ಯಕೀಯ ಪದವಿಯನ್ನೂ ಗಳಿಸಿದರು. ಕೇಂಬ್ರಿಜ್‌ನಲ್ಲಿ ವಾಲ್ಟರ್ ಡಿಕ್ಸನ್ ಎಂಬ ಖ್ಯಾತ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಕೆಲಸ ಮಾಡಿದುದು ಅವರ ಮುಂದಿನ ಬದುಕಿನ ದಾರಿಯನ್ನು ನಿರ್ಧರಿಸಿತೆನ್ನಬಹುದು. ಔಷಧವೊಂದನ್ನು ನಂಬಿಕೆಯಿಂದಲ್ಲ, ಅಳತೆಯಿಂದ ನಿರ್ಣಯಿಸಬೇಕೆಂಬ ಶಿಸ್ತು ಅವರಿಗೆ ದೊರೆತದ್ದು ಅಲ್ಲಿಯೇ.

1908ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಆಯ್ಕೆಯಾದರು. ಇದು ಸೇನೆಗೆ ಸೇರಿದ ವೈದ್ಯಕೀಯ ಸೇವೆ. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ರಣರಂಗದಲ್ಲಿ ಕಾರ್ಯ ನಿರ್ವಹಿಸಿದ ಅವರು 1919ರ ಆಫ್ಘನ್ ಯುದ್ಧದಲ್ಲಿಯೂ ಭಾಗವಹಿಸಿದರು. ಹೀಗೆ ಸುಮಾರು ಹದಿಮೂರು ವರ್ಷಗಳ ಕಾಲ ಅವರು ಸಂಶೋಧನೆಯಿಂದ ದೂರವೇ ಉಳಿಯಬೇಕಾಯಿತು.

ಕಲ್ಕತ್ತೆಯ ಪ್ರಯೋಗಾಲಯ

1921ರಲ್ಲಿ ಕಲ್ಕತ್ತೆಯಲ್ಲಿ ಉಷ್ಣವಲಯ ರೋಗಗಳ ಅಧ್ಯಯನಕ್ಕಾಗಿ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಆರಂಭವಾಯಿತು. ಚೋಪ್ರಾ ಅವರು ಅಲ್ಲಿ ಫಾರ್ಮಕಾಲಜಿ ಪ್ರಾಧ್ಯಾಪಕರಾಗಿ ನೇಮಕಗೊಂಡು, ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿಯೂ ಅದೇ ವಿಷಯವನ್ನು ಬೋಧಿಸಿದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾಗಿ 1941ರವರೆಗೆ ಸೇವೆ ಸಲ್ಲಿಸಿದರು.

ಅವರ ಆರಂಭದ ಸಂಶೋಧನೆಗಳಲ್ಲಿ ಒಂದು ಡಿಜಿಟಾಲಿಸ್ ಎಂಬ ಹೃದಯದ ಔಷಧಕ್ಕೆ ಸಂಬಂಧಿಸಿದ್ದು. ಇದನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಅವಶ್ಯ. ಡಿಜಿಟಾಲಿಸ್ ಒಂದು ಗಿಡದ ಎಲೆಯಿಂದ ದೊರೆಯುವ ಔಷಧ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಇದರಲ್ಲಿ ಬಹಳ ಕಡಿಮೆ. ಆ ಕಾಲದಲ್ಲಿ ಇದರ ಸತ್ವವನ್ನು ರಾಸಾಯನಿಕ ಪರೀಕ್ಷೆಯಿಂದ ತಿಳಿಯಲು ಸಾಧ್ಯವಿರಲಿಲ್ಲ. ಕಪ್ಪೆ, ಬೆಕ್ಕು ಮುಂತಾದ ಪ್ರಾಣಿಗಳ ಮೇಲೆ ಪ್ರಯೋಗಿಸಿ ಅಳೆಯಬೇಕಾಗಿತ್ತು. ಈ ಔಷಧದ ದ್ರಾವಣವು ಯೂರೋಪಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದು, ಗೋದಾಮುಗಳಲ್ಲಿದ್ದು, ಕೊನೆಗೆ ನಮ್ಮ ಬಿಸಿಲಿನ ಊರುಗಳ ಅಂಗಡಿಗಳನ್ನು ತಲುಪುತ್ತಿತ್ತು. ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ ನೋಡಿದಾಗ ಅನೇಕ ಮಾದರಿಗಳ ಸತ್ವ ಕುಂದಿರುವುದು ಕಂಡುಬಂದಿತು. ತಯಾರಕರು ಮೋಸ ಮಾಡಿರಲಿಲ್ಲ, ಅಂಗಡಿಯವರೂ ಏನನ್ನೂ ಬೆರೆಸಿರಲಿಲ್ಲ. ಹೀಗಿದ್ದೂ ಸೀಸೆಯ ಮೇಲಿನ ಚೀಟಿ ಹೇಳುವುದೇ ಒಂದು, ಒಳಗಿರುವುದೇ ಇನ್ನೊಂದು ಎಂಬಂತಾಗಿತ್ತು.

ಇದರಿಂದ ರೋಗಿಗೆ ಆಗುವ ಹಾನಿ ಎರಡು ಬಗೆಯದು. ಸತ್ವಹೀನ ಔಷಧದಿಂದ ಗುಣ ಕಾಣದಿದ್ದಾಗ ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಆ ಸೀಸೆ ಮುಗಿದು, ಹೊಸದಾಗಿ ಬಂದ ಪೂರ್ಣ ಸತ್ವದ ಸೀಸೆಯಿಂದ ಅದೇ ಹೆಚ್ಚಿದ ಪ್ರಮಾಣವನ್ನು ಕೊಟ್ಟರೆ ಅದು ವಿಷವಾಗಿ ಪರಿಣಮಿಸಬಹುದು. ಅಂದರೆ ದುರ್ಬಲ ಔಷಧವು ಕೇವಲ ನಿಷ್ಪ್ರಯೋಜಕವೆಂದು ತಿಳಿಯುವಂತಿಲ್ಲ. ಅದು ಅಪಾಯಕಾರಿಯೂ ಹೌದು. ಔಷಧಗಳನ್ನು ಯಾವ ಉಷ್ಣತೆಯಲ್ಲಿ ಸಂಗ್ರಹಿಸಿಡಬೇಕು, ಎಷ್ಟು ಕಾಲದವರೆಗೆ ಬಳಸಬಹುದು ಎಂಬುದನ್ನು ಇಂದು ಔಷಧ ನಿಯಮಗಳ ಅನುಸೂಚಿ ಪಿ ನಿಗದಿಪಡಿಸುತ್ತದೆ. ಔಷಧ ಅಂಗಡಿಯಲ್ಲಿ ಶೀತಕ ಪೆಟ್ಟಿಗೆ ಏಕಿರಬೇಕು, ಪರಿವೀಕ್ಷಕರು ಅದರ ಉಷ್ಣತೆಯನ್ನು ಏಕೆ ಕೇಳುತ್ತಾರೆ ಎಂದು ಬೇಸರಿಸುವ ವ್ಯಾಪಾರಿಗಳು ಕಲ್ಕತ್ತೆಯ ಈ ಪರೀಕ್ಷೆಗಳ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಇದೇ ಅವಧಿಯಲ್ಲಿ ಅವರು ದೇಶೀಯ ಔಷಧ ಸಸ್ಯಗಳ ಅಧ್ಯಯನವನ್ನು ವ್ಯಾಪಕವಾಗಿ ಕೈಗೊಂಡರು. ಈ ಅಧ್ಯಯನದ ಫಲವಾಗಿ ಭಾರತದ ದೇಶೀಯ ಔಷಧಗಳನ್ನು ಕುರಿತ ಅವರ ಬೃಹತ್ ಗ್ರಂಥ 1933ರಲ್ಲಿ ಪ್ರಕಟವಾಯಿತು. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿದವರಲ್ಲಿ ಅವರ ತಂಡವೂ ಒಂದು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿಯೇ ಈ ಬೇರಿನ ಗುಣವನ್ನು ವರದಿ ಮಾಡಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಈ ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ತೀವ್ರ ಮನೋಖಿನ್ನತೆ ಉಂಟಾಗುತ್ತದೆಂಬುದು ಅನಂತರ ತಿಳಿಯಿತು. ಗಿಡಮೂಲಿಕೆಯಾದುದರಿಂದ ಹಾನಿಯಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿಚಾರಣಾ ಸಮಿತಿಯ ನೇಮಕ

1930ಕ್ಕೆ ಮುಂಚೆ ಭಾರತದಲ್ಲಿ ಯಾರು ಬೇಕಾದರೂ ಔಷಧ ಅಂಗಡಿಯನ್ನು ತೆರೆಯಬಹುದಾಗಿತ್ತು. ಯಾರು ಬೇಕಾದರೂ ಔಷಧವನ್ನು ತಯಾರಿಸಿ ಮಾರಬಹುದಾಗಿತ್ತು. ಕಾನೂನು ಇರಲೇ ಇಲ್ಲವೆಂದಲ್ಲ. 1860ರ ಭಾರತೀಯ ದಂಡ ಸಂಹಿತೆಯ 274, 275 ಮತ್ತು 276ನೆಯ ಕಲಂಗಳು ಔಷಧದ ಕಲಬೆರಕೆಯನ್ನು ಅಪರಾಧವೆಂದು ಸಾರಿದ್ದವು. ಅಫೀಮಿಗೆ 1878ರ ಕಾಯಿದೆ, ವಿಷಗಳಿಗೆ 1919ರ ಕಾಯಿದೆ ಇದ್ದವು. ಆದರೆ ಕಲಬೆರಕೆಯನ್ನು ರುಜುವಾತುಪಡಿಸಲು ಮಾನಕಗಳು ಬೇಕು, ಪ್ರಯೋಗಾಲಯ ಬೇಕು, ಮಾದರಿ ಸಂಗ್ರಹಿಸಲು ಅಧಿಕಾರವುಳ್ಳ ನೌಕರರು ಬೇಕು. ಇವು ಯಾವುವೂ ಇರಲಿಲ್ಲವಾದುದರಿಂದ ಆ ಕಲಂಗಳು ಪುಸ್ತಕದಲ್ಲಿಯೇ ಉಳಿದಿದ್ದವು.

ಮಲೇರಿಯ ಅಂದು ದೇಶವನ್ನೇ ಕಾಡುತ್ತಿದ್ದ ರೋಗ. ಮಲೆನಾಡಿನ ಜನ ಚಳಿಜ್ವರವೆಂದು ಕರೆದು ಭಯಪಡುತ್ತಿದ್ದುದು ಇದಕ್ಕೇ. ಇದಕ್ಕಿದ್ದ ಒಂದೇ ಭರವಸೆಯ ಔಷಧ ಕ್ವಿನೈನ್. ಬೆಲೆ ಹೆಚ್ಚಾಗಿದ್ದು ಬೇಡಿಕೆ ಅಪಾರವಾಗಿದ್ದುದರಿಂದ ಅದರಲ್ಲಿ ಮೋಸಕ್ಕೆ ಅವಕಾಶ ಬಹಳವಿತ್ತು. ಕ್ವಿನೈನ್ ಅಂಶ ಕಡಿಮೆಯಿದ್ದ ಮಾತ್ರೆಯನ್ನು ನುಂಗಿದ ಬಡರೋಗಿಯು ತನ್ನ ಜ್ವರ ಬಲವಾದುದೆಂದು ತಿಳಿಯುತ್ತಿದ್ದನೇ ಹೊರತು ಮಾತ್ರೆ ದುರ್ಬಲವೆಂದು ತಿಳಿಯಲು ಅವನಿಗೆ ದಾರಿಯೇ ಇರಲಿಲ್ಲ. 1927ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಔಷಧಗಳ ಕಲಬೆರಕೆಯನ್ನು ತಡೆಗಟ್ಟಬೇಕೆಂಬ ನಿರ್ಣಯವು ಮಂಡನೆಯಾಯಿತು. ಅದರ ಫಲವಾಗಿ 1930ರ ಆಗಸ್ಟ್‌ನಲ್ಲಿ ಭಾರತ ಸರ್ಕಾರವು ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿ, ಆಗ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಚೋಪ್ರಾ ಅವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಫಾದರ್ ಜೆ.ಎಫ್. ಕೇಯಸ್, ಎಚ್. ಕೂಪರ್ ಮತ್ತು ಅಬ್ದುಲ್ ಮತೀನ್ ಚೌಧರಿ ಅವರು ಸದಸ್ಯರಾಗಿದ್ದರು.

ಸಮಿತಿಯು ಪ್ರಾಂತ್ಯಗಳಲ್ಲಿ ಸಂಚರಿಸಿ, ವೈದ್ಯರು, ವ್ಯಾಪಾರಿಗಳು, ತಯಾರಕರು ಮತ್ತು ಅಧಿಕಾರಿಗಳ ಹೇಳಿಕೆಗಳನ್ನು ಪಡೆದು 1931ರಲ್ಲಿ ವರದಿಯನ್ನು ಸಲ್ಲಿಸಿತು. ವಿದೇಶದಿಂದ ಬಂದ ಔಷಧವೆಲ್ಲ ಉತ್ತಮ, ದೇಶದಲ್ಲಿ ತಯಾರಾದುದೆಲ್ಲ ಕಳಪೆ ಎಂಬ ಅಂದಿನ ಅಭಿಪ್ರಾಯಕ್ಕೆ ಈ ವರದಿಯಲ್ಲಿ ಸಮರ್ಥನೆ ದೊರೆಯಲಿಲ್ಲ. ದೋಷ ಎರಡೂ ಕಡೆ ಕಂಡುಬಂದಿತ್ತು. ಬ್ರಿಟಿಷ್ ಸರ್ಕಾರದ ಸೇನಾ ವೈದ್ಯ ಸೇವೆಗೆ ಸೇರಿದ ಅಧಿಕಾರಿಯೊಬ್ಬರು ಆಮದು ವ್ಯಾಪಾರದ ದೋಷಗಳನ್ನು ಸರ್ಕಾರದ ಮುಂದಿಡುವುದು ಸುಲಭದ ಕೆಲಸವಾಗಿರಲಿಲ್ಲ. ಹಾಗೆಯೇ ಸ್ವದೇಶಿಯ ಹೆಸರಿನಲ್ಲಿ ಕಳಪೆ ಔಷಧವನ್ನು ಸಮರ್ಥಿಸಲು ಅವರು ಸಿದ್ಧರಿರಲಿಲ್ಲ. ಈ ಎರಡನೆಯದು ಅಂದಿನ ವಾತಾವರಣದಲ್ಲಿ ಬಹುಶಃ ಹೆಚ್ಚು ಕಷ್ಟದ್ದು.

ವರದಿಯ ಮುಖ್ಯ ಶಿಫಾರಸುಗಳು ಎರಡು ಎಳೆಗಳಾಗಿದ್ದವು. ಮೊದಲನೆಯದು ಔಷಧವನ್ನು ಕುರಿತದ್ದು: ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಕಾನೂನು, ಮಾನಕಗಳನ್ನು ನಿರ್ಧರಿಸಲು ಕೇಂದ್ರ ಪ್ರಯೋಗಾಲಯ, ಪ್ರಾಂತ್ಯಗಳಲ್ಲಿ ಪರೀಕ್ಷಾ ಪ್ರಯೋಗಾಲಯಗಳು, ಭಾರತದ್ದೇ ಆದ ಔಷಧಕೋಶ. ಎರಡನೆಯದು ಔಷಧವನ್ನು ಕೊಡುವ ವ್ಯಕ್ತಿಯನ್ನು ಕುರಿತದ್ದು: ಔಷಧ ವಿತರಕರಿಗೆ ಕನಿಷ್ಠ ವಿದ್ಯಾರ್ಹತೆ, ಅವರ ತರಬೇತಿಗೆ ಕ್ರಮಬದ್ಧ ಪಠ್ಯ, ನೋಂದಣಿ, ಈ ನೋಂದಣಿಯನ್ನು ನೋಡಿಕೊಳ್ಳುವ ಮಂಡಳಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಔಷಧವೂ ತಿಳಿವಳಿಕೆಯಿಲ್ಲದವರ ಕೈಯಲ್ಲಿ ಅಪಾಯವೇ ಎಂಬುದು ಸಮಿತಿಯ ಕಾಣ್ಕೆಯಾಗಿತ್ತು. ಅಂದಿನ ಔಷಧಾಲಯದಲ್ಲಿ ಸಿದ್ಧ ಮಾತ್ರೆಗಳು ಕಡಿಮೆ. ಹೆಚ್ಚಿನದೆಲ್ಲ ಕಾಂಪೌಂಡರ್ ಅಳೆದು, ಅರೆದು, ಬೆರೆಸಿ, ಸೀಸೆಗೆ ತುಂಬಿ, ಪ್ರಮಾಣವನ್ನು ಸೂಚಿಸುವ ಕಾಗದದ ಪಟ್ಟಿ ಅಂಟಿಸಿ ಕೊಡುವ ಮಿಶ್ರಣಗಳು. ಅಳತೆಯಲ್ಲಿ ಒಂದು ಸಣ್ಣ ತಪ್ಪಾದರೂ ಅದನ್ನು ತಿದ್ದಲು ಮುಂದೆ ಯಾರೂ ಇರುತ್ತಿರಲಿಲ್ಲ.

ಕಾನೂನು ಬಂದ ಬಗೆ

ವರದಿ ಸಲ್ಲಿಕೆಯಾದ ಮೇಲೆ ಆರು ವರ್ಷಗಳ ಕಾಲ ಯಾವ ಶಾಸನವೂ ಆಗಲಿಲ್ಲ. 1937ರಲ್ಲಿ ಸರ್ಕಾರವು ಮಂಡಿಸಿದ ವಿಧೇಯಕವು ಆಮದಾಗುವ ಔಷಧಗಳಿಗೆ ಮಾತ್ರ ಸೀಮಿತವಾಗಿತ್ತು. ಅದನ್ನು ಪರಿಶೀಲಿಸಿದ ಪ್ರವರ ಸಮಿತಿಯು, ದೇಶದೊಳಗಿನ ತಯಾರಿಕೆ ಮತ್ತು ಮಾರಾಟವನ್ನೂ ಒಳಗೊಳ್ಳದ ಕಾನೂನಿನಿಂದ ಪ್ರಯೋಜನವಾಗದೆಂದು ಅಭಿಪ್ರಾಯಪಟ್ಟಿತು. ಇಲ್ಲೊಂದು ತೊಡಕಿತ್ತು. 1935ರ ಭಾರತ ಸರ್ಕಾರ ಕಾಯಿದೆಯಂತೆ ಔಷಧಗಳ ತಯಾರಿಕೆ ಮತ್ತು ಮಾರಾಟವು ಪ್ರಾಂತ್ಯಗಳಿಗೆ ಸೇರಿದ ವಿಷಯ. ಹೀಗಾಗಿ ಪ್ರಾಂತ್ಯಗಳ ಶಾಸನ ಸಭೆಗಳು ತಮ್ಮ ಪರವಾಗಿ ಕಾನೂನು ಮಾಡಲು ಕೇಂದ್ರಕ್ಕೆ ಅಧಿಕಾರ ನೀಡಿ ನಿರ್ಣಯಗಳನ್ನು ಅಂಗೀಕರಿಸಬೇಕಾಯಿತು. ಕೊನೆಗೆ ಔಷಧ ಕಾಯಿದೆಯು 1940ರಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 1945ರಲ್ಲಿ ರಚನೆಯಾದವು. ಕಾಯಿದೆಯು ಪೂರ್ಣವಾಗಿ ಜಾರಿಗೆ ಬಂದುದು 1947ರಲ್ಲಿ. ಮುಂದೆ 1962ರಲ್ಲಿ ಕಾಂತಿವರ್ಧಕಗಳನ್ನೂ ಸೇರಿಸಿ ಇದನ್ನು ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆ ಎಂದು ಕರೆಯಲಾಯಿತು.

ಕಾನೂನು ಬರುವ ಮೊದಲೇ ಪ್ರಯೋಗಾಲಯದ ಕೆಲಸ ಪ್ರಾರಂಭವಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. 1937ರಲ್ಲಿ ಕಲ್ಕತ್ತೆಯಲ್ಲಿ ಔಷಧಗಳ ಮಾನಕ ನಿರ್ಧಾರಕ್ಕಾಗಿ ಜೀವರಾಸಾಯನಿಕ ಪ್ರಯೋಗಾಲಯವೊಂದನ್ನು ಸ್ಥಾಪಿಸಲಾಯಿತು. ಚೋಪ್ರಾ ಅವರೇ ಅದರ ನಿರ್ದೇಶಕರಾದರು. ಇದೇ ಮುಂದೆ ಕೇಂದ್ರ ಔಷಧ ಪ್ರಯೋಗಾಲಯವಾಯಿತು. 1946ರಲ್ಲಿ ಪ್ರಕಟವಾದ ಭಾರತೀಯ ಔಷಧಕೋಶ ಪಟ್ಟಿಯನ್ನು ಸಿದ್ಧಪಡಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಸ್ವತಂತ್ರ ಭಾರತದ ಮೊದಲ ಔಷಧಕೋಶ 1955ರಲ್ಲಿ ಹೊರಬಂದಿತು.

ಇಂದಿನ ಕರ್ನಾಟಕದ ಪ್ರದೇಶಗಳ ಮಟ್ಟಿಗೆ ಈ ಕಾನೂನಿನ ಚರಿತ್ರೆ ಸ್ವಲ್ಪ ವಿಶಿಷ್ಟವಾದುದು. 1940ರ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುತ್ತಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೂ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯಕ್ಕೂ ಸೇರಿದ್ದವು. ಕೊಡಗಿನಲ್ಲಿ ಪ್ರತ್ಯೇಕ ಆಡಳಿತವಿತ್ತು. ಮೈಸೂರು ಸಂಸ್ಥಾನವಾಗಲಿ, ನಿಜಾಮರ ಆಡಳಿತದಲ್ಲಿದ್ದ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳಾಗಲಿ ಬ್ರಿಟಿಷ್ ಇಂಡಿಯಾದ ಭಾಗವಾಗಿರಲಿಲ್ಲ. ಒಂದೇ ಭಾಷೆಯ ಜನ, ಒಂದೇ ಬಗೆಯ ರೋಗಗಳು, ಒಂದೇ ಔಷಧಗಳು. ಆದರೆ ಗಡಿ ದಾಟಿದರೆ ಕಾನೂನು ಬೇರೆ. ಸಂವಿಧಾನವು ಔಷಧಗಳನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. 1956ರ ಏಕೀಕರಣದಿಂದ ಈ ಪ್ರದೇಶಗಳೆಲ್ಲ ಒಂದು ರಾಜ್ಯದ ಆಡಳಿತಕ್ಕೆ ಬಂದವು.

ಫಾರ್ಮಸಿಸ್ಟ್ ಎಂಬ ಹುದ್ದೆ

ಸಮಿತಿಯ ಎರಡನೆಯ ಎಳೆಯಾದ ಔಷಧ ವಿತರಕರ ಪ್ರಶ್ನೆ ಹೆಚ್ಚು ತಡವಾಯಿತು. ವರದಿ ಬಂದ ಮರುವರ್ಷವೇ, ಅಂದರೆ 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಫಾರ್ಮಸಿ ಶಿಕ್ಷಣವನ್ನು ಪ್ರಾರಂಭಿಸಿದ್ದರು. ಆದರೆ ಕಲಿತು ಬಂದವರಿಗೆ ಕಾನೂನಿನ ಮನ್ನಣೆಯಿರಲಿಲ್ಲ. ಕಲಿಯದವರಿಗೆ ಕಾನೂನಿನ ತಡೆಯೂ ಇರಲಿಲ್ಲ. 1946ರಲ್ಲಿ ಭೋರ್ ಸಮಿತಿಯೂ ಇದೇ ವಿಷಯವನ್ನು ಒತ್ತಿ ಹೇಳಿತು. ಫಾರ್ಮಸಿ ಕಾಯಿದೆಯು 1948ರಲ್ಲಿ ಬಂದಿತು. 1949ರಲ್ಲಿ ಭಾರತೀಯ ಫಾರ್ಮಸಿ ಮಂಡಳಿ ರಚನೆಯಾಯಿತು. ಶಿಕ್ಷಣದ ಮೊದಲ ನಿಯಮಾವಳಿಗಳು 1953ರಲ್ಲಿ ಪ್ರಕಟವಾದವು.

ಈ ಕಾಯಿದೆಯ 42ನೆಯ ಕಲಂ ಅದರ ಜೀವಾಳ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸುವುದನ್ನಾಗಲಿ, ತಯಾರಿಸುವುದನ್ನಾಗಲಿ, ವಿತರಿಸುವುದನ್ನಾಗಲಿ ಅದು ನಿಷೇಧಿಸುತ್ತದೆ. ತಮ್ಮ ಸ್ವಂತ ರೋಗಿಗಳಿಗೆ ಔಷಧ ಕೊಡುವ ವೈದ್ಯರಿಗೆ ಇದರಿಂದ ವಿನಾಯಿತಿಯಿದೆ. ಆದರೆ ಈ ಕಲಂ ಕಾಯಿದೆಯೊಡನೆಯೇ ಜಾರಿಗೆ ಬರಲಿಲ್ಲ. ಕಾರಣವೂ ಇತ್ತು. ಅಂದು ಔಷಧಾಲಯಗಳಲ್ಲಿ ಹತ್ತಾರು ವರ್ಷಗಳಿಂದ ದುಡಿಯುತ್ತಿದ್ದ ಕಾಂಪೌಂಡರುಗಳು ಸಾವಿರಾರು ಮಂದಿ. ಪದವಿಯಿಲ್ಲವೆಂದು ಅವರನ್ನು ಒಮ್ಮೆಲೇ ಹೊರಗೆ ಕಳುಹಿಸಿದರೆ ಅವರ ಕುಟುಂಬಗಳ ಗತಿಯೇನು ಎಂಬುದು ಒಂದು ಪ್ರಶ್ನೆ. ಹಳ್ಳಿಯ ಆಸ್ಪತ್ರೆಗಳನ್ನು ನಡೆಸುವವರು ಯಾರು ಎಂಬುದು ಇನ್ನೊಂದು. ಆದುದರಿಂದ ನಿಗದಿತ ದಿನಾಂಕಕ್ಕೆ ಮುಂಚೆ ಆಸ್ಪತ್ರೆ ಮುಂತಾದ ಕಡೆ ಕನಿಷ್ಠ ಐದು ವರ್ಷ ಔಷಧ ಬೆರೆಸುವ ಕೆಲಸ ಮಾಡಿದವರಿಗೆ ಮೊದಲ ನೋಂದಣಿ ಪುಸ್ತಕದಲ್ಲಿ ಸೇರಲು ಅವಕಾಶ ನೀಡಲಾಯಿತು. ಔಷಧ ನಿಯಮಗಳಲ್ಲಿಯೂ ಅನುಭವದ ಆಧಾರದ ಮೇಲೆ ಅರ್ಹ ವ್ಯಕ್ತಿಯೆಂದು ಮಾನ್ಯತೆ ಪಡೆಯಲು 1969ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು.

ಇದು ದಯೆಯ ನಿರ್ಧಾರ. ಅನೇಕ ಅನುಭವಿಗಳು ಈ ಮಾರ್ಗದಿಂದ ಬಂದು ಉತ್ತಮ ಸೇವೆ ಸಲ್ಲಿಸಿದ್ದಾರೆ. ಆದರೆ ಗಡುವು ಮುಂದಕ್ಕೆ ಹೋದಂತೆಲ್ಲ ಅದರ ಭಾರ ಬಿದ್ದುದು ರೋಗಿಯ ಮೇಲೆ ಎಂಬುದನ್ನೂ ಮರೆಮಾಚಬೇಕಾಗಿಲ್ಲ. 42ನೆಯ ಕಲಂ ದೇಶದಾದ್ಯಂತ ಜಾರಿಗೆ ಬಂದುದು 1984ರಲ್ಲಿ. ಸಮಿತಿಯ ವರದಿಯಿಂದ ಲೆಕ್ಕ ಹಾಕಿದರೆ ಐವತ್ತಮೂರು ವರ್ಷ. ಆ ವೇಳೆಗೆ ಅಧ್ಯಕ್ಷರು ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.

ಮಾದಕ ವಸ್ತುಗಳ ಅಧ್ಯಯನ

ಚೋಪ್ರಾ ಅವರ ಇನ್ನೊಂದು ಕಾರ್ಯಕ್ಷೇತ್ರ ಇಂದಿನ ಔಷಧ ಅಂಗಡಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಅಫೀಮು, ಗಾಂಜಾ, ಭಂಗಿ ಮತ್ತು ಕೊಕೇನ್ ಚಟಗಳನ್ನು ಕುರಿತು ಅವರು ಅನೇಕ ವರ್ಷಗಳ ಕಾಲ ಕ್ಷೇತ್ರಾಧ್ಯಯನ ನಡೆಸಿದರು. ದುಡಿಯಲು ಹೋಗುವ ತಾಯಂದಿರು ಹಸುಗೂಸುಗಳು ಅಳದಿರಲೆಂದು ಅಫೀಮು ತಿನ್ನಿಸಿ ಮಲಗಿಸುತ್ತಿದ್ದ ಪದ್ಧತಿ ಅವರ ಗಮನ ಸೆಳೆದ ಸಂಗತಿಗಳಲ್ಲೊಂದು. ಚಟವನ್ನು ಅವರು ಕೇವಲ ನೀತಿಗೇಡಿತನವೆಂದು ತಳ್ಳಿಹಾಕದೆ, ಬಡತನ, ದುಡಿಮೆಯ ಆಯಾಸ, ಚಿಕಿತ್ಸೆ ದೊರೆಯದ ನೋವು ಮುಂತಾದ ಕಾರಣಗಳೊಡನೆ ಸೇರಿಸಿ ನೋಡಿದರು.

ನೋವು ಮತ್ತು ನಿದ್ರಾಹೀನತೆಗೆ ಕೊಡುವ ಔಷಧಗಳು ಚಟವಾಗುವ ಸಂಭವ ಇಂದಿಗೂ ಇದೆ. ಆಲ್ಪ್ರಜೋಲಾಂ, ಡಯಾಜೆಪಾಂ, ಟ್ರಾಮಡಾಲ್, ಕೊಡೀನ್ ಮುಂತಾದವುಗಳನ್ನೂ, ಕೆಲವು ಪ್ರಬಲ ಪ್ರತಿಜೀವಕಗಳು ಹಾಗೂ ಕ್ಷಯರೋಗದ ಔಷಧಗಳನ್ನೂ 2013ರಲ್ಲಿ ಅನುಸೂಚಿ ಎಚ್1ರಲ್ಲಿ ಸೇರಿಸಲಾಯಿತು. ಇವುಗಳನ್ನು ಮಾರುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ, ಆ ವಹಿಯನ್ನು ಮೂರು ವರ್ಷಗಳ ಕಾಲ ಪರಿಶೀಲನೆಗೆ ಲಭ್ಯವಿರುವಂತೆ ಇಡಬೇಕು. ಪರಿಚಯದವರು, ನೆರೆಹೊರೆಯವರು, ನಿತ್ಯ ಬರುವ ಗಿರಾಕಿ ಎಂಬ ದಾಕ್ಷಿಣ್ಯಕ್ಕೆ ಒಳಗಾಗಿ ಚೀಟಿಯಿಲ್ಲದೆ ಒಂದು ಪಟ್ಟಿ ನಿದ್ರೆ ಮಾತ್ರೆಯನ್ನು ಕೊಡುವ ಸಂದರ್ಭ ಪ್ರತಿಯೊಬ್ಬ ಫಾರ್ಮಸಿಸ್ಟರಿಗೂ ಎದುರಾಗುತ್ತದೆ. ಇಲ್ಲವೆನ್ನುವುದು ಅಲ್ಲಿ ಒರಟುತನವಲ್ಲ. ಹಾಗೆಯೇ ಚೀಟಿಯಲ್ಲಿ ಬರೆದ ಔಷಧ ಅಂಗಡಿಯಲ್ಲಿ ಇಲ್ಲವೆಂದು ಬೇರೊಂದನ್ನು ತಮ್ಮ ಮನಸ್ಸಿಗೆ ಬಂದಂತೆ ಕೊಡುವುದಕ್ಕೂ ಔಷಧ ನಿಯಮಗಳಲ್ಲಿ ಅವಕಾಶವಿಲ್ಲ. ಬರವಣಿಗೆ ಸ್ಪಷ್ಟವಾಗದಿದ್ದರೆ, ಪ್ರಮಾಣ ಸಂದೇಹಾಸ್ಪದವಾಗಿದ್ದರೆ, ಊಹಿಸದೆ ವೈದ್ಯರನ್ನೇ ಕೇಳಿ ತಿಳಿಯಬೇಕು.

ಕಾಶ್ಮೀರಕ್ಕೆ ಮರಳಿದ್ದು

1941ರಲ್ಲಿ ಅವರು ಕಲ್ಕತ್ತೆಯ ಸೇವೆಯಿಂದ ನಿವೃತ್ತರಾದರು. ಅದೇ ವರ್ಷ ಅವರಿಗೆ ಸರ್ ಪದವಿ ದೊರೆಯಿತು. ಬಾಲ್ಯವನ್ನು ಕಳೆದ ಜಮ್ಮು ಮತ್ತು ಕಾಶ್ಮೀರಕ್ಕೆ ಮರಳಿ ಅಲ್ಲಿನ ವೈದ್ಯಕೀಯ ಸೇವೆಯ ಹೊಣೆಯನ್ನು ಹೊತ್ತರು. ಜಮ್ಮುವಿನಲ್ಲಿ ಔಷಧ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದರು. 1957ರಲ್ಲಿ ಅದನ್ನು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ವಹಿಸಿಕೊಂಡಿತು. ಆ ಸಂಸ್ಥೆಗೆ 2007ರಲ್ಲಿ ಭಾರತೀಯ ಸಮಗ್ರ ವೈದ್ಯ ಸಂಸ್ಥೆ ಎಂದು ಹೆಸರಿಡಲಾಯಿತು.

1946ರಲ್ಲಿ ದೇಶೀಯ ವೈದ್ಯ ಪದ್ಧತಿಗಳನ್ನು ಕುರಿತು ಶಿಫಾರಸು ಮಾಡಲು ನೇಮಿಸಿದ ಸಮಿತಿಗೂ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಲಾಯಿತು. 1948ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಧುನಿಕ ಮತ್ತು ದೇಶೀಯ ಪದ್ಧತಿಗಳ ಸಮನ್ವಯವನ್ನು ಸಮಿತಿ ಸೂಚಿಸಿತು. ಎರಡೂ ಕಡೆಯ ಪಂಡಿತರಿಗೆ ಇದು ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಆಯುರ್ವೇದ ಮತ್ತು ಯುನಾನಿ ಔಷಧಗಳನ್ನು 1964ರ ತಿದ್ದುಪಡಿಯ ಮೂಲಕ ಔಷಧ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ದತ್ತೂರ, ವತ್ಸನಾಭ ಮುಂತಾದ ವಿಷದ್ರವ್ಯಗಳನ್ನು ಅನುಸೂಚಿ ಇ(1)ರಲ್ಲಿ ಪಟ್ಟಿ ಮಾಡಲಾಗಿದ್ದು, ಇವುಗಳನ್ನು ಒಳಗೊಂಡ, ಸೇವಿಸುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯ.

ಇಳಿವಯಸ್ಸಿನಲ್ಲಿಯೂ ಅವರ ಬರವಣಿಗೆ ನಿಲ್ಲಲಿಲ್ಲ. ಭಾರತದ ವಿಷಸಸ್ಯಗಳನ್ನು ಕುರಿತ ಗ್ರಂಥವನ್ನೂ, 1956ರಲ್ಲಿ ಔಷಧ ಸಸ್ಯಗಳ ಪದಕೋಶವನ್ನೂ ಸಹಲೇಖಕರೊಡನೆ ಹೊರತಂದರು. ಈ ಪದಕೋಶವನ್ನು ಸಸ್ಯಶಾಸ್ತ್ರ ಮತ್ತು ಫಾರ್ಮಸಿ ವಿದ್ಯಾರ್ಥಿಗಳು ಈಗಲೂ ಕೈಗೆತ್ತಿಕೊಳ್ಳುತ್ತಾರೆ. 1973ರ ಜೂನ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಅವರು ನಿಧನರಾದರು. 1983ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಸಾರ್ವಜನಿಕರ ಗಮನಕ್ಕೆ

ಸಮಿತಿಯ ಎರಡೂ ಶಿಫಾರಸುಗಳು ಇಂದು ಪ್ರತಿಯೊಂದು ಔಷಧ ಅಂಗಡಿಯ ಗೋಡೆಯ ಮೇಲೆ ಒಂದೇ ಕಾಗದದಲ್ಲಿ ಕಾಣಸಿಗುತ್ತವೆ. ನಮೂನೆ 20 ಮತ್ತು 21ರಲ್ಲಿ ನೀಡುವ ಮಾರಾಟದ ಪರವಾನಗಿಯನ್ನು ಗಿರಾಕಿಗಳಿಗೆ ಕಾಣುವ ಸ್ಥಳದಲ್ಲಿ ತೂಗುಹಾಕಬೇಕೆಂಬುದು ಆ ಪರವಾನಗಿಯ ಷರತ್ತುಗಳಲ್ಲಿ ಒಂದು. ಮಾರಾಟಕ್ಕೆ ಅನುಮತಿ ಪಡೆದ ಔಷಧಗಳ ವರ್ಗಗಳ ಜೊತೆಗೆ ಅಂಗಡಿಯ ಜವಾಬ್ದಾರಿ ಹೊತ್ತ ಅರ್ಹ ವ್ಯಕ್ತಿಯ ಹೆಸರೂ ಅದರಲ್ಲಿರುತ್ತದೆ. ವೈದ್ಯರ ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ಕೊಡಬೇಕು ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಿಸಬೇಕು. ಪರವಾನಗಿಯಲ್ಲಿ ಹೆಸರಿರುವ ಫಾರ್ಮಸಿಸ್ಟ್ ಅಂಗಡಿಯಲ್ಲಿ ಇದ್ದಾರೆಯೇ ಎಂದು ವಿಚಾರಿಸಲು, ಔಷಧವನ್ನು ಸೇವಿಸುವ ಕ್ರಮವನ್ನು ಅವರಿಂದಲೇ ಕೇಳಿ ತಿಳಿಯಲು ಗಿರಾಕಿಗಳು ಸಂಕೋಚಪಡಬೇಕಾಗಿಲ್ಲ. ಖರೀದಿಯ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ಔಷಧದ ಗುಣಮಟ್ಟದ ಬಗ್ಗೆ ಸಂದೇಹವಿದ್ದಲ್ಲಿ ಉಳಿದ ಮಾತ್ರೆಗಳನ್ನು ಅವುಗಳ ಮೂಲ ಪಟ್ಟಿಯಲ್ಲಿಯೇ, ತಂಡದ ಸಂಖ್ಯೆ ಓದಲು ಬರುವಂತೆ ಉಳಿಸಿಕೊಂಡು, ರಸೀದಿಯೊಡನೆ ತಮ್ಮ ಜಿಲ್ಲೆಯ ಔಷಧ ಪರಿವೀಕ್ಷಕರಿಗೆ ತೋರಿಸಬಹುದಾಗಿದೆ.